ಎರೆಭೂತ ಬಿಡಿಸಿದ್ದು

ಸಭೆಯಲ್ಲಿ "ಈ ಕೆಲಸ ಯಾರು ಮಾಡುತ್ತೀರಿ?" ಎಂದು ಕೇಳಿದ ಮೇಲೆ ಒಂದು ಮೌನ ಹುಟ್ಟುತ್ತದಲ್ಲ, ಅದನ್ನು ಸಹಿಸುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ದೇವರಿದ್ದಾನೆಂದು ನಾನು ಒಪ್ಪುವುದಿಲ್ಲವಾದ್ದರಿಂದ ಅವನನ್ನು ದೂರುವ ಹಾಗೂ ಇಲ್ಲ. ಎಪ್ಪತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದೆ. ಪವಾಡಗಳನ್ನು, ಪತ್ರಿಕೆಗಳನ್ನು, ಥರ್ಮಾಮೀಟರನ್ನು ಕೂಡ ಸಂಶಯದಿಂದ ನೋಡುವುದು ವಿಶ್ವವಿದ್ಯಾಲಯ ನನಗೆ ಕಲಿಸಿದ ವಿದ್ಯೆ. ನಲವತ್ತು ದಾಟಿದ ಮೇಲೆ ಆ ಪಟ್ಟಿಗೆ ನನ್ನ ಜ್ಞಾಪಕಶಕ್ತಿಯೂ ಸೇರಿತು. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದ್ದೇನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುತ್ತಿದ್ದೆ. "ಜಗ್ಗಿ ಜಗ್ಗಿ ಕೀಲಿ ಸಡ್ಲ ಮಾಡೀರಿ. ಕಳ್ಳಗ ಇನ್ನೇನ ಕೆಲಸ ಉಳಿಸೀರಿ?" ಎಂದು ಹೆಂಡತಿ ಕೇಳುತ್ತಿದ್ದಳು.

ಆದರೆ ಒಂದೇ ಒಂದು ನೆನಪಿನ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಹತ್ತು ವರ್ಷಗಳ ಹಿಂದೆ ಅಕ್ಕಲಕೋಟದಾಚೆಯ ಹುಲ್ಲು ಬಯಲಿನಲ್ಲಿ ಎರೆಭೂತವೊಂದು ಆಕಾಶದಿಂದಿಳಿದು ನನ್ನೆದುರಿಗೇ ಬಂದು ನಿಂತಿತ್ತು. ಎರೆಭೂತವೆಂದರೆ ದೆವ್ವವಲ್ಲ, ಎರೆ ಹೊಲಗಳ ದೊಡ್ಡ ಹಕ್ಕಿ. ಮರಾಠಿಯವರ ಮಾಳಢೋಕ. ಮನುಷ್ಯನನ್ನು ಅರ್ಧ ಮೈಲು ದೂರದಿಂದಲೇ ಕಂಡು ಓಡುವ ಈ ನಾಚಿಕೆಯ ಪ್ರಾಣಿ ನನ್ನನ್ನು ಮಾತ್ರ ನಂಬಿತ್ತು. ನಾನೂ ಸದಸ್ಯನಾಗಿದ್ದ ನಮ್ಮ ಊರಿನ ಪ್ರಾಣಿದಯಾ ಟ್ರಸ್ಟಿನವರು ಶಾಲೆಗಳಲ್ಲಿ ತೋರಿಸಲು ಅದರ ಫಿಲಂ ತೆಗೆದಿದ್ದರು. ಈ ಕಥೆಯನ್ನು ನಾನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಪ್ರತ್ಯಕ್ಷ ಪ್ರಮಾಣಕ್ಕೆ ಅದೇ ನನ್ನ ಉದಾಹರಣೆ.

ಹೀಗಿರುವಾಗ ಟ್ರಸ್ಟಿನ ಕಾರ್ಯದರ್ಶಿ ಮಲ್ಲಪ್ಪ ಶೆಟ್ಟರು, ಟವೆಲ್ ವ್ಯಾಪಾರಿಗಳು, ಸಭೆಯಲ್ಲಿ ಫಿಲಂ ಡಬ್ಬಗಳ ಮಾತೆತ್ತಿದರು. ಇರುವುದು ಒಂದೇ ಕಪಾಟು. ಅದರಲ್ಲಿ ಹಿಡಿಸಿದಷ್ಟು ಇಟ್ಟುಕೊಂಡು ಉಳಿದದ್ದನ್ನು ಬಳೆ ಮಾಡುವವನಿಗೆ ಕೊಡುವುದು. ಹಳೆಯ ಫಿಲಮ್ಮನ್ನು ಕರಗಿಸಿ ಬಳೆ ಮಾಡುತ್ತಾರೆಂದು ನನಗೆ ಆಗಲೇ ಗೊತ್ತಾದದ್ದು. ಯಾವುದನ್ನು ಇಡಬೇಕೆಂದು ಯಾರು ನೋಡುತ್ತೀರಿ ಎಂದರು. ಮೌನ ಹುಟ್ಟಿತು. ನನ್ನ ಕೈ ಮೇಲೆದ್ದಿತು.

ಡಬ್ಬ ತೆರೆದು ಮೂಸುವುದೇ ಪರೀಕ್ಷೆ. ಕೆಟ್ಟ ಫಿಲಂ ಹುಳಿ ವಾಸನೆ ಹೊಡೆಯುತ್ತದೆ. ಶೆಟ್ಟರ ಅಂಗಡಿಯ ಟವೆಲ್ಲಿನಿಂದ ಧೂಳೊರೆಸಿ, ಮೂಗು ತೂರಿಸಿ, ಜಿಂಕೆಗಳನ್ನೂ ತೋಳಗಳನ್ನೂ ವಾಸನೆಯ ಮೇಲೆ ತೇರ್ಗಡೆ ಮಾಡುತ್ತಾ ಹೋದೆ. "ಏನ್ರಿ ಸರ, ಫಿಲಂ ನೋಡಾಕತ್ತೀರೋ, ಉಪ್ಪಿನಕಾಯಿ ಖರೀದಿ ಮಾಡಾಕತ್ತೀರೋ?" ಎಂದರು ಶೆಟ್ಟರು. ಕೊನೆಗೆ ಕಪಾಟಿನಲ್ಲಿ ಒಂದೇ ಡಬ್ಬದ ಜಾಗ ಉಳಿಯಿತು; ಉಳಿದ ಡಬ್ಬಗಳು ಎರಡು. ಒಂದು ನನ್ನ ಎರೆಭೂತ. ಇನ್ನೊಂದು, ಶೆಟ್ಟರ ತಂದೆಯವರು ಪಾರಿವಾಳಗಳಿಗೆ ಕಾಳು ಹಾಕಿದ್ದು.

"ನೀವು ಹೇಳಿದಂಗ ಹಕ್ಕಿ ನಿಮ್ಮ ಹತ್ತರ ಬಂದಿದ್ರ ಅದನ್ನ ಇಡೋಣು," ಎಂದರು ಶೆಟ್ಟರು. "ಇಲ್ಲಂದ್ರ ನಮ್ಮಪ್ಪ."

ಭಾನುವಾರ ಎರಡನ್ನೂ ಹಾಕಿ ನೋಡುವುದೆಂದಾಯಿತು. ಆ ದಿನ ಬೀಗ ಜಗ್ಗಲು ಮನೆಗೆ ಎರಡು ಸಲ ತಿರುಗಿದ್ದರಿಂದ ನಾನು ಹೋಗುವಷ್ಟರಲ್ಲಿ ಪಾರಿವಾಳಗಳು ಮುಗಿದು ಎರೆಭೂತ ನಡೆದಿತ್ತು. ಯಂತ್ರದ ಬಳಿ ಮುದುಕ ರಸೂಲಸಾಬ. ಟ್ರಸ್ಟಿನ ಫಿಲಮ್ಮುಗಳನ್ನೆಲ್ಲ ಮೊದಲಿಂದ ತೋರಿಸುತ್ತಿದ್ದವನು ಅವನೇ. ಪರದೆಯ ಮೇಲೆ ಭಾರವಾದ ಹಕ್ಕಿ ಇಳಿಯುತ್ತಿತ್ತು. ತೆಳ್ಳಗಿನ ತರುಣನೊಬ್ಬ, ಅಂದರೆ ನಾನು, ಕೊಡೆ ಹಿಡಿದು ಗೌರವದಿಂದ ಹಿಂದೆ ಹಿಂದೆ ಸರಿದು ಪೊದೆಯಲ್ಲಿ ಕುಳಿತ. ಹಕ್ಕಿ ಕತ್ತೆತ್ತಿ ನಿಂತಿತು. ನನಗೆ ಕಣ್ಣು ತುಂಬಿ ಬಂತು. ಎದ್ದು ನಿಂತು ಐದು ನಿಮಿಷ ಭಾಷಣ ಮಾಡಿದೆ: ವಿಶ್ವಾಸ, ವಿನಯ, ಪ್ರತ್ಯಕ್ಷ ಪ್ರಮಾಣ.

ಶೆಟ್ಟರು ಶಾಂತವಾಗಿ ಕೇಳಿ, "ಎಲ್ಲಾ ಖರೆ ಸರ. ಆದ್ರ ಇನ್ನೊಮ್ಮಿ ನೋಡ್ರಿ, ಹಿಂದ ಆ ಗಾಡಿ ಎತ್ತು ಯಾಕ ಹಿಂದಕ್ಕ ನಡದಾವ?" ಎಂದರು.

ರಸೂಲಸಾಬ ನಕ್ಕ. "ಅರೆ ಸರ, ಮೊದಲ ಸೀದಾ ಹಾಕಿದ್ದೆ. ಈಗಿಂದು ಉಲ್ಟಾ. ಹುಡುಗ್ರು ನಗ್ತಾರಂತ ಪ್ರತಿ ಸಲ ಸೀದಾ ಮುಗದ ಮ್ಯಾಲ ಉಲ್ಟಾ ಬಿಡ್ತಿದ್ದೆ. ನೀವು ಆವಾಗೂ ತಡಾ ಮಾಡೇ ಬರ್ತಿದ್ರಿ."

ಸೀದಾ ಹಾಕಿಸಿ ನೋಡಿದೆ. ಹಕ್ಕಿ ತನ್ನ ಪಾಡಿಗೆ ತಾನು ನಿಂತಿದೆ. ಪೊದೆಯಿಂದ ನಾನು ಎದ್ದು, ಕೊಡೆ ಬೀಸುತ್ತಾ ಅದರ ಕಡೆಗೆ ಓಡುತ್ತೇನೆ. ಅದು ಪ್ರಾಣ ಉಳಿಸಿಕೊಳ್ಳುವವರಂತೆ ಓಡಿ, ಹಾರಿ, ಕರ್ನಾಟಕದ ಕಡೆಗೆ ಹೊರಟುಹೋಗುತ್ತದೆ. ಸ್ವಂತ ಕಣ್ಣಿನಿಂದ ಕಂಡದ್ದನ್ನು ಅಳಿಸಿ, ಅದರ ಮೇಲೆ ರಸೂಲಸಾಬನ ತಮಾಷೆಯನ್ನು ಬರೆದುಕೊಂಡು ಹತ್ತು ವರ್ಷ ಪಾಠ ಹೇಳಿದ್ದೆ!

ವರದಿಯ ಕಾಗದ ನನ್ನ ಕೈಯಲ್ಲೇ ಇತ್ತು. 'ಹುಳಿ ಬಂದಿದೆ' ಎಂದು ಎರಡು ಶಬ್ದ ಬರೆದರೆ ನನ್ನ ಅವಮಾನ ಯಾರದೋ ಕೈಯಲ್ಲಿ ಬಳೆಯಾಗಿ ಸದ್ದು ಮಾಡಿಕೊಂಡಿರುತ್ತಿತ್ತು. ಪೆನ್ನು ಬಿಚ್ಚಿದ್ದೂ ನಿಜ. ಆದರೆ ಅಷ್ಟು ಭಾರದ ಹಕ್ಕಿ ನೆಲ ಬಿಡುವ ಆ ಗಳಿಗೆ ಬೇರೆಲ್ಲೂ ಇರಲಿಲ್ಲ; ಆ ಬಯಲಿನಲ್ಲಿ ಹಕ್ಕಿಯೂ ವರ್ಷ ವರ್ಷಕ್ಕೆ ಅಪರೂಪವಾಗುತ್ತಿತ್ತು. 'ಸ್ಥಿತಿ ಉತ್ತಮ, ಕಾಯ್ದಿಡತಕ್ಕದ್ದು' ಎಂದು ಬರೆದು, ಶೆಟ್ಟರ ತಂದೆಯವರ ವಿಷಯದಲ್ಲಿ ಕ್ಷಮೆ ಕೇಳಿದೆ.

"ಇರಲಿ ಬಿಡ್ರಿ," ಎಂದರು ಶೆಟ್ಟರು. "ನಮ್ಮಪ್ಪ ಕಾಳು ಹಾಕಿದ್ದು ಊರಿಗೆಲ್ಲ ಗೊತ್ತದ. ನೀವು ಓಡಿದ್ದು ಯಾರಿಗೂ ಗೊತ್ತಿಲ್ಲ." ತಂದೆಯವರ ಡಬ್ಬವನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಒಯ್ದರು. ಹೋಗುವ ಮೊದಲು ನನ್ನ ಡಬ್ಬಕ್ಕೆ ತಾವೇ ಚೀಟಿ ಅಂಟಿಸಿದರು: 'ಎರೆಭೂತ. ಬಿಡಿಸಿದವರು: ಪ್ರೊಫೆಸರ್ ಸಾಹೇಬರು.'

ಅಕ್ಕಲಕೋಟದ ಶಾಲೆಯೊಂದರಲ್ಲಿ ಫಿಲಂ ತೋರಿಸುವಾಗ ಹೆಡ್‌ಮಾಸ್ತರರು ಆ ಚೀಟಿಯನ್ನು ಗಟ್ಟಿಯಾಗಿ ಓದಿದರಂತೆ. ಮುಂದಿನ ವಾರ ಹಳ್ಳಿಯ ಹೆಣ್ಣುಮಗಳೊಬ್ಬಳು ನನ್ನ ಮನೆ ಹುಡುಕಿಕೊಂಡು ಬಂದಳು. "ಭೂತ ಬಿಡಸೋ ಸರ ನೀವ ಏನ್ರಿ? ನಮ್ಮ ಎಮ್ಮಿ ಹಾಲ ಕೊಡವಲ್ದರಿ." ಭೂತವೆಂಬುದೇ ಇಲ್ಲವೆಂದು ಅವಳಿಗೆ ಅರ್ಧ ಗಂಟೆ ತರ್ಕಬದ್ಧವಾಗಿ ವಿವರಿಸಿದೆ. ಕೈಮುಗಿದು ಕೇಳಿ, "ಇಷ್ಟ ಮಂತ್ರ ಸಾಕಲ್ರಿ ಯಪ್ಪಾ?" ಎಂದು ಹೊರಟಳು. ನಾಲ್ಕೇ ದಿನಕ್ಕೆ ತೆಂಗಿನಕಾಯಿಯೊಂದಿಗೆ ತಿರುಗಿ ಬಂದಳು. ಎಮ್ಮೆ ಹಾಲು ಕೊಡುತ್ತಿತ್ತು.

ಆ ತೆಂಗಿನಕಾಯಿಯನ್ನು ನಾನು ಖಡಾಖಂಡಿತವಾಗಿ ಬೇಡವೆಂದೆ. ನನಗೆ ಚೆನ್ನಾಗಿ ನೆನಪಿದೆ. ಮರುದಿನ ಊಟದಲ್ಲಿ ಕಾಯಿಚಟ್ನಿಯನ್ನು ನಾನು ಎರಡು ಸಲ ಹಾಕಿಸಿಕೊಂಡೆ ಎಂದು ಹೆಂಡತಿ ಹೇಳುತ್ತಾಳೆ.