ನಿಯಮ ನಾಲ್ಕು

ಕೆರೆಯ ನಡುವೆ ಯಾರದೋ ದೋಣಿಯ ಮೋಟಾರು ಕೆಟ್ಟು ನಿಂತರೆ ಅದರಿಂದ ಆರ್ಲೆನ್ ಹೌಗನ್‌ನ ಸಂಸಾರಕ್ಕೆ ಕುತ್ತು ಬರಬೇಕಾದ ಕಾರಣವೇನೂ ಇರಲಿಲ್ಲ. ಆದರೆ ಆಗಸ್ಟಿನ ಕೊನೆಯ ಭಾನುವಾರ ಅದೂ ಆಯಿತು.

ಬೆಳಿಗ್ಗೆ ಹತ್ತರ ಹೊತ್ತಿಗೆ ಅವನು ಎರಡನೇ ಲೋಟ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಗ ಗೋರ್ಡಿಯ ಫೋನು ಬಂತು. ಗೋರ್ಡಿ ಎಂದರೆ ಅವರ ಊರಾದ ನೋರ್ಬೆಕ್‌ನ ಬೇಸ್‌ಬಾಲ್ ತಂಡದ ಮ್ಯಾನೇಜರು. ವಾರವೆಲ್ಲ ಟ್ರ್ಯಾಕ್ಟರ್ ರಿಪೇರಿ, ಭಾನುವಾರ ತಂಡದ ರಿಪೇರಿ.

"ಆರ್ಲೆನ್, ಕೆಟ್ವಿ ಕಣೋ. ನಮ್ಮ ಕರ್ಟ್ ಬೆಳಬೆಳಿಗ್ಗೆ ಮೀನು ಹಿಡಿಯೋಕೆ ಹೋಗಿ ಕೆರೆ ಮಧ್ಯ ಸಿಕ್ಕಾಕ್ಕೊಂಡಿದಾನೆ. ಮೋಟಾರ್ ಸ್ಟಾರ್ಟೇ ಆಗ್ತಿಲ್ವಂತೆ."

"ಹುಟ್ಟು ಹಾಕ್ಕೊಂಡು ಬರೋಕೆ ಹೇಳು."

"ಹುಟ್ಟು ಮನೇಲಿದೆಯಂತೆ."

ಆರ್ಲೆನ್ ಕಣ್ಣು ಮುಚ್ಚಿಕೊಂಡ. ಗೋರ್ಡಿ ಮುಂದುವರಿಸಿದ. "ಈಗ ನಾವು ಎಂಟೇ ಜನ. ಒಂಬತ್ತು ಜನ ಇಲ್ದಿದ್ರೆ ಆಡದೇನೇ ಆಟ ಪಕ್ಕದೂರು ಕೆಸೆಲ್‌ನೋರಿಗೆ ಹೋಗುತ್ತೆ. ಅವರು ಚಳಿಗಾಲ ಪೂರ್ತಿ ನಗ್ತಾರೆ. ನಿನ್ನ ಭಾವಮೈದ ಡ್ವೇನ್‌ನ ಇಳಿಸಿಬಿಡೋಣ ಅಂತ."

"ಬೇಡ! ಅವನಿಗೆ ಮಾತ್ರ ಫೋನ್ ಮಾಡ್ಬೇಡ!"

"ಆಗ್ಲೇ ಮಾಡಾಯ್ತಲ್ಲ."

ಆರ್ಲೆನ್‌ಗೆ ಕಾಫಿ ಕಹಿಯಾಯಿತು. ಅವನ ಭಯಕ್ಕೆ ಕಾರಣವಿತ್ತು, ಆ ಕಾರಣವನ್ನು ಅವನೇ ತನ್ನ ಕೈಯಾರೆ ಬರೆದಿದ್ದ.

ನೋರ್ಬೆಕ್‌ನಲ್ಲಿ ಬೇಸ್‌ಬಾಲ್ ಕೀರ್ತಿಭವನವಿದೆ. ಭವನವೆಂದರೆ ಅಗ್ನಿಶಾಮಕ ಠಾಣೆಯ ಹಿಂದಿನ ಕೋಣೆಯ ಒಂದು ಗೋಡೆ, ಅಷ್ಟೇ. ಆದರೆ ಆ ಗೋಡೆಯ ಮೇಲೆ ಫೋಟೊ ಏರಿದವನನ್ನು ಊರು ಸಾಯುವತನಕ ಬೇರೆಯೇ ದನಿಯಲ್ಲಿ ಮಾತಾಡಿಸುತ್ತದೆ. ಆಟ ಬಿಟ್ಟವರಲ್ಲಿ ಯಾರು ಯೋಗ್ಯರೆಂದು ವರ್ಷಕ್ಕೊಮ್ಮೆ ಐವರ ಸಮಿತಿ ಮತ ಹಾಕುತ್ತದೆ. ನಾಲ್ಕು ಮತ ಬಿದ್ದರೆ ಗೋಡೆ, ಇಲ್ಲದಿದ್ದರೆ ಇಲ್ಲ. ಆರ್ಲೆನ್ ಆ ಸಮಿತಿಯ ಕಾರ್ಯದರ್ಶಿ. ಮತವಿಲ್ಲ, ಲೇಖನಿ ಮಾತ್ರ ಇದೆ. ಆ ಲೇಖನಿಯಿಂದ ಹನ್ನೊಂದು ವರ್ಷದ ಹಿಂದೆ ಅವನು ನಿಯಮಾವಳಿ ರಚಿಸಿದ್ದ. ಅದರಲ್ಲಿ ನಾಲ್ಕನೆಯದು ಹೀಗಿತ್ತು: 'ಆಟಗಾರನು ಆಟ ಬಿಟ್ಟು ಪೂರ್ತಿ ಐದು ಹಂಗಾಮು ಕಳೆದಿರತಕ್ಕದ್ದು. ನಡುವೆ ಒಂದೇ ಒಂದು ಚೆಂಡಿಗಾದರೂ ಅಂಗಣಕ್ಕೆ ಇಳಿದಲ್ಲಿ ಎಣಿಕೆ ಮೊದಲಿಂದ ಶುರು. ಯಾರಿಗೂ ವಿನಾಯಿತಿ ಇಲ್ಲ.'

ಐದು ವರ್ಷದ ಹಿಂದೆ ಡ್ವೇನ್‌ನ ಹೆಸರು ಸಮಿತಿಯ ಮುಂದೆ ಬಂದಿತ್ತು. ಡ್ವೇನ್ ಎಸೆದ ಚೆಂಡನ್ನು ಹದಿನೆಂಟು ವರ್ಷ ಸುತ್ತಲಿನ ಊರುಗಳಲ್ಲಿ ಯಾರೂ ಸರಿಯಾಗಿ ಹೊಡೆದದ್ದಿಲ್ಲ. ಐವರೂ ಕೈ ಎತ್ತಿದ್ದರು. ಆಗ ಆರ್ಲೆನ್ ಕೆಮ್ಮಿ, ಎದ್ದು ನಿಂತು, ಆ ಬೇಸಿಗೆಯಲ್ಲೇ ಡ್ವೇನ್ ಕಾಲುಳುಕಿದ ಯಾರದೋ ಬದಲಿಗೆ ಒಂದು ಬೇಸ್ ಓಡಿದ್ದನ್ನು ನೆನಪಿಸಿದ್ದ. ಕೈಗಳು ಕೆಳಗಿಳಿದವು. ಡ್ವೇನ್ ನಕ್ಕು ಮರೆತ. ಅವನ ಅಕ್ಕ, ಅಂದರೆ ಆರ್ಲೆನ್‌ನ ಹೆಂಡತಿ ಲವೋನ್, ಮರೆಯಲಿಲ್ಲ. ಮೂರು ವಾರ ಮಾತು ಬಿಟ್ಟಳು. ಆಮೇಲೆ ಮಾತು ಬಂತು, ಆದರೆ ಭಾನುವಾರದ ಬಿಸಿ ಅಡುಗೆ ಬರಲಿಲ್ಲ. ಐದು ವರ್ಷದಿಂದ ಆರ್ಲೆನ್ ಭಾನುವಾರ ತಣ್ಣಗಿನ ಮಾಂಸ, ತಣ್ಣಗಿನ ಬ್ರೆಡ್ಡು ತಿನ್ನುತ್ತಿದ್ದಾನೆ.

ಐದನೇ ಹಂಗಾಮು ಇವತ್ತಿನ ಆಟದೊಂದಿಗೆ ಮುಗಿಯುತ್ತದೆ. ಸಂಜೆ ಆರಕ್ಕೆ ಸಭೆ, ಮತ, ಊಟ. ಲವೋನ್ ಬೆಳಿಗ್ಗೆಯೇ ಸಮಿತಿಯ ಐವರ ಜೊತೆ ಠಾಣೆ ಸಿಂಗರಿಸಲು ಹೋಗಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಇವತ್ತು ನನ್ನ ತಮ್ಮ ಆ ಗೋಡೆ ಮೇಲಿರ್ಬೇಕು. ಏನಾದ್ರೂ ಎಡವಟ್ಟಾದ್ರೆ ನೀನು ಆ ಠಾಣೇಲೇ ಮಲಕ್ಕೋ. ಮತ್ತೆ, ಇಸ್ತ್ರಿ ಮಾಡಿರೋ ಅಂಗಿ ಹಾಕ್ಕೊಂಡು ಬಾ."

ಆರ್ಲೆನ್ ಕಾರು ಹತ್ತಿ ಡ್ವೇನ್‌ನ ಮನೆಗೆ ಓಡಿದ. ಡ್ವೇನ್ ಆಗಲೇ ಹಳೇ ಸಮವಸ್ತ್ರದೊಳಗೆ ತೂರಿಕೊಂಡಿದ್ದ. ಹೊಟ್ಟೆಯ ಬಳಿ ಎರಡು ಗುಂಡಿ ಹಾಕಲಾಗದೆ ಬಾಯಿ ಬಿಟ್ಟಿದ್ದವು.

"ಭಾವ, ನೋಡು, ಇನ್ನೂ ಆಗುತ್ತೆ!"

"ಬಿಚ್ಚು. ಮೊದ್ಲು ಬಿಚ್ಚು ಅದನ್ನ. ಇವತ್ತು ಒಂದಿನ ಸುಮ್ನಿರೋಕೆ ಆಗಲ್ವಾ ನಿಂಗೆ?"

"ಊರಿನ ಮಾನ ಹೋಗ್ತಿದೆ ಭಾವ. ಒಂದೇ ಆಟ. ಗೋಡೆ ಇನ್ನೂ ಐದು ವರ್ಷ ಕಾದ್ರೆ ಏನು ಬಿದ್ದೋಗುತ್ತಾ?"

"ಗೋಡೆ ಬೀಳಲ್ಲ. ನಾನು ಬೀಳ್ತೀನಿ. ನಿಮ್ಮಕ್ಕ ಬೀಳಿಸ್ತಾಳೆ." ಆರ್ಲೆನ್ ನಾಲ್ಕನೇ ನಿಯಮವನ್ನು ಒಂದಕ್ಷರ ಬಿಡದೆ ಹೇಳಿದ. ಡ್ವೇನ್ ಕೇಳುತ್ತಲೇ ತೋಳು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಹೇಳಿ ಪ್ರಯೋಜನವಿಲ್ಲವೆಂದು ಆರ್ಲೆನ್ ಬಾಗಿಲ ಬಳಿ ಇದ್ದ ಅವನ ಮೊಳೆ ಬೂಟುಗಳನ್ನು ಎತ್ತಿಕೊಂಡು ಹೋಗಿ ಕಾರಿನ ಡಿಕ್ಕಿಯಲ್ಲಿ ಹಾಕಿ ಬೀಗ ಜಡಿದ. ಡ್ವೇನ್ ಚಪ್ಪಲಿಯಲ್ಲೇ ಬಂದು ಕಾರಿನಲ್ಲಿ ಕುಳಿತ.

ಮೈದಾನದಲ್ಲಿ ಊರೇ ನೆರೆದಿತ್ತು. ಜೋಳದ ಹೊಲಕ್ಕೆ ಅಂಟಿಕೊಂಡ ಬೇಲಿಯುದ್ದಕ್ಕೂ ಮಡಿಸುವ ಕುರ್ಚಿಗಳು, ಒಂದು ಮೂಲೆಯಲ್ಲಿ ಸಾಸೇಜು ಸುಡುವ ಹೊಗೆ. ಒಂಬತ್ತನೆಯವನಿಲ್ಲ ಎಂಬ ಸುದ್ದಿ ಆಗಲೇ ಹಬ್ಬಿ, ಎಲ್ಲರ ಬಳಿಯೂ ಒಂದೊಂದು ಪರಿಹಾರ ತಯಾರಿತ್ತು, ಎಲ್ಲದರ ಹೆಸರೂ ಡ್ವೇನ್ ಎಂದೇ ಇತ್ತು.

ಸಾಸೇಜು ಸುಡುತ್ತಿದ್ದ ಹೆಂಗಸು ಇಕ್ಕಳ ತೋರಿಸಿ ಕೇಳಿದಳು. "ಒಂದ್ಸಲ ಆಡಿದ್ರೆ ಯಾರಿಗೆ ಗೊತ್ತಾಗುತ್ತೆ ಆರ್ಲೆನ್? ನಾವೆಲ್ಲ ಆಕಡೆ ತಿರುಗಿ ನಿಂತ್ಕೋತೀವಿ."

ಆರ್ಲೆನ್ ಅವಳಿಗೆ ನಿಯಮ ಹೇಳಿದ. ಚರ್ಚಿನ ಪಾದ್ರಿ ಬಂದು, ಕ್ಷಮಿಸುವುದು ದೊಡ್ಡ ಗುಣವೆಂದರು. ಪಾದ್ರಿಗೂ ನಿಯಮ ಹೇಳಿದ. ಅಂಚೆಯವನಿಗೆ ಹೇಳಿದ, ಹಾಲಿನ ಡೇರಿಯವರಿಗೆ ಹೇಳಿದ, ಮುಖವೇ ಗೊತ್ತಿಲ್ಲದ ಇಬ್ಬರಿಗೂ ಹೇಳಿದ. ಕಡೆಗೆ ಅವನು 'ಆಟಗಾರನು' ಎಂದು ಬಾಯಿ ತೆರೆದರೆ ಸಾಕು, ಎದುರಿನವರೇ 'ಆಟ ಬಿಟ್ಟು ಪೂರ್ತಿ ಐದು ಹಂಗಾಮು' ಎಂದು ಮುಂದುವರಿಸುವಷ್ಟಾಯಿತು.

ಅಂಪೈರು ಗಡಿಯಾರ ನೋಡಿ ಹತ್ತು ನಿಮಿಷ ಗಡುವು ಕೊಟ್ಟ. ಕೆಸೆಲ್ ತಂಡದವರು ಆಗಲೇ ನಗಲು ಆರಂಭಿಸಿದ್ದರು. ಬೇಲಿಯ ಬಳಿ ಯಾರೋ "ಡ್ವೇನ್! ಡ್ವೇನ್!" ಎಂದು ಶುರು ಮಾಡಿದರು, ಊರೆಲ್ಲ ಸೇರಿಕೊಂಡಿತು. ಡ್ವೇನ್‌ನ ಕಣ್ಣು ಒದ್ದೆಯಾಯಿತು. ಚಪ್ಪಲಿ ಕಳಚಿ ಬರಿಗಾಲಲ್ಲೇ ಬೇಲಿ ಹತ್ತಿದ. ಆರ್ಲೆನ್ ಹಿಂದಿನಿಂದ ಅವನ ಬೆಲ್ಟು ಹಿಡಿದು ಜೋತುಬಿದ್ದ.

"ಬಿಡು ಭಾವ!"

"ಬಿಡಲ್ಲ! ಗೋರ್ಡಿ, ಇವನನ್ನ ಬಿಟ್ಟು ಬೇರೆ ಯಾರಾದ್ರೂ ನೋಡೋ, ನಿಂಗೆ ಕೈ ಮುಗೀತೀನಿ!"

"ಯಾರನ್ನ ನೋಡ್ಲಿ?" ಗೋರ್ಡಿ ಜೇಬಿನಿಂದ ಪಟ್ಟಿ ತೆಗೆದ. "ಮೇ ತಿಂಗಳಲ್ಲಿ ಬರೆದುಕೊಟ್ಟಿರೋ ಪಟ್ಟೀಲಿ ಇದ್ದೋರು ಮಾತ್ರ ಆಡ್ಬಹುದು. ಎಂಟು ಜನ ಇಲ್ಲಿದಾರೆ. ಒಬ್ಬ ಕೆರೇಲಿದಾನೆ. ಇನ್ನು ಡ್ವೇನ್. ಆಮೇಲೆ…" ಅವನು ಕನ್ನಡಕ ಮೇಲೆತ್ತಿ ಮತ್ತೊಮ್ಮೆ ಓದಿದ. "ಆಮೇಲೆ ನೀನು."

"ನಾನಾ?"

"ಸಾಲು ಖಾಲಿ ಬಿಡಬಾರ್ದು ಅಂತ ನೀನೇ ಇಬ್ಬರ ಹೆಸರೂ ತುಂಬಿಸಿದೀಯ. ನಿನ್ನದೇ ಅಕ್ಷರ."

ಆರ್ಲೆನ್‌ಗೆ ಅರವತ್ತಮೂರು ವರ್ಷ. ಅವನು ಕೊನೆಯ ಬಾರಿ ಆಡಿ ಇಪ್ಪತ್ತಾರು ವರ್ಷವಾಗಿತ್ತು. ಹಾಗೆಂದು ಕೆಟ್ಟ ಆಟಗಾರನಾಗಿರಲಿಲ್ಲ. ಹತ್ತೊಂಬತ್ತು ವರ್ಷ ಎರಡನೇ ಬೇಸಿನ ಬಳಿ ನಿಂತು, ಬಂದ ಚೆಂಡನ್ನೆಲ್ಲ ಹಿಡಿದು, ಯಾರ ಗಮನಕ್ಕೂ ಬಾರದೆ ಮನೆಗೆ ಹೋಗಿದ್ದ. ಎರಡು ವರ್ಷದ ಹಿಂದೆ ಯಾರೋ ಅವನ ಹೆಸರನ್ನೂ ಸಮಿತಿಯ ಮುಂದಿಟ್ಟಿದ್ದರು. ಎರಡೇ ಮತ ಬಿದ್ದಿದ್ದವು. 'ತಿರಸ್ಕೃತ' ಎಂದು ನಡಾವಳಿಯಲ್ಲಿ ಬರೆದವನೂ ಅವನೇ. ಆಮೇಲೆ ನನಗೆ ಅದರ ಆಸೆ ಇಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ ಬಂದಿದ್ದ. ಆಸೆ ಇತ್ತು. ಆದರೆ ಅದು ಈ ಜನ್ಮದಲ್ಲಿ ಆಗುವ ಮಾತಲ್ಲವೆಂದು ಕೈಬಿಟ್ಟಿದ್ದ.

ಆದ್ದರಿಂದ ಅವನು ಹೆಚ್ಚು ಯೋಚಿಸಲಿಲ್ಲ. ಡಿಕ್ಕಿ ತೆಗೆದು ಡ್ವೇನ್‌ನ ಬೂಟು ಹಾಕಿಕೊಂಡ. ಎರಡು ಸೈಜು ದೊಡ್ಡದು. ಗೋರ್ಡಿಯ ಬಳಿ ಇದ್ದ ಕರ್ಟ್‌ನ ಅಂಗಿ ತೊಟ್ಟು, ಮೈದಾನದ ಬಲತುದಿಗೆ ಹೋಗಿ ನಿಂತು, ತನ್ನ ಕಡೆ ಚೆಂಡು ಬಾರದಿರಲೆಂದು ದೇವರನ್ನು ಬೇಡಿಕೊಂಡ.

ಮೂರು ಸಲ ಬಂತು. ಮೊದಲ ಸಲ ಅವನು ಮುಂದೆ ಓಡಿದ, ಬೂಟು ಹಿಂದೆ ಉಳಿಯಿತು. ಎರಡನೇ ಸಲ ಬೂಟಿನ ಲೇಸು ಕಟ್ಟುತ್ತಿದ್ದ. ಮೂರನೇ ಸಲ ಸೂರ್ಯನಿಗೆ ಅಡ್ಡವಾಗಿ ಕೈ ಎತ್ತಿದವನ ಗ್ಲೌಸಿನೊಳಕ್ಕೆ ಚೆಂಡು ತಾನಾಗಿ ಬಂದು ಬಿತ್ತು. ಹಿಡಿದದ್ದು ಅವನಿಗೆ ಗೊತ್ತಾದದ್ದು ಜನ ಕಿರುಚಿದ ಮೇಲೆ.

ಕೊನೆಯ ಸರದಿ ಬರುವ ಹೊತ್ತಿಗೆ ಎರಡೂ ಕಡೆ ನಾಲ್ಕು ನಾಲ್ಕು ರನ್. ಮೂರೂ ಬೇಸಿನಲ್ಲಿ ನೋರ್ಬೆಕ್‌ನವರು ನಿಂತಿದ್ದರು, ಇನ್ನೊಬ್ಬ ಔಟಾದರೆ ಆ ಸರದಿ ಮುಗಿಯಿತು. ಬ್ಯಾಟು ಹಿಡಿಯುವ ಸರದಿ ಆರ್ಲೆನ್‌ನದು.

"ಭಾವ, ಸುಮ್ನೆ ನಿಂತ್ಕೋ! ಕಣ್ಣು ಮಾತ್ರ ಮುಚ್ಬೇಡ!" ಎಂದು ಡ್ವೇನ್ ಬೇಲಿಯಾಚೆಯಿಂದ ಕೂಗಿದ.

ಆರ್ಲೆನ್ ಕಣ್ಣು ಮುಚ್ಚಿದ. ಕೆಸೆಲ್‌ನ ಪಿಚರು ಎಸೆದ ಚೆಂಡು ನೇರ ಬಂದು ಅವನ ಸೊಂಟಕ್ಕೆ ಬಡಿಯಿತು. ಚೆಂಡು ಬಡಿದವನಿಗೆ ಮೊದಲ ಬೇಸು ಪುಕ್ಕಟೆ, ಬೇಸುಗಳಲ್ಲಿ ಆಗಲೇ ನಿಂತಿದ್ದವರೆಲ್ಲ ಒಂದೊಂದು ಬೇಸು ಮುಂದೆ. ಮೂರನೇ ಬೇಸಿನವನು ನಡೆದುಕೊಂಡು ಬಂದು ಗೆಲುವಿನ ರನ್ ಮುಟ್ಟಿದ. ನೋರ್ಬೆಕ್ ಗೆದ್ದಿತು.

ಜನ ಅವನನ್ನು ನೋಯುವ ಸೊಂಟ ಹಿಡಿದೇ ಮೇಲೆತ್ತಿದರು. ಊರು "ಆರ್ಲೆನ್! ಆರ್ಲೆನ್!" ಎಂದು ಕೂಗಿದ್ದನ್ನು ಅವನು ಜೀವಮಾನದಲ್ಲಿ ಮೊದಲ ಸಲ ಕೇಳಿದ. ಅವನಿಗೆ ಅಳು ಬಂತು. ಡ್ವೇನ್ ಅಂಗಣಕ್ಕೆ ಕಾಲಿಟ್ಟಿರಲಿಲ್ಲ, ಮಾನ ಉಳಿದಿತ್ತು, ರಾತ್ರಿ ಮನೆಯಲ್ಲೇ ಮಲಗಬಹುದಿತ್ತು. ಇಷ್ಟು ಸುಖದ ದಿನ ಅವನು ಕಂಡಿರಲಿಲ್ಲ.

ಮನೆಗೆ ಹೋಗಿ ಮೈ ತೊಳೆದು, ಇಸ್ತ್ರಿಯ ಅಂಗಿ ಹಾಕಿಕೊಂಡು ಆರಕ್ಕೆ ಐದು ನಿಮಿಷವಿರುವಾಗ ಠಾಣೆಗೆ ಬಂದ. ಲವೋನ್ ಅವನ ಟೈ ಸರಿಪಡಿಸಿದಳು. ಐದು ವರ್ಷದಲ್ಲಿ ಅವಳು ಅವನ ಟೈ ಮುಟ್ಟಿರಲಿಲ್ಲ.

"ಯಾಕೆ ಕುಂಟ್ತಿದೀಯ?"

"ಏನಿಲ್ಲ. ನಿನ್ನ ತಮ್ಮ ಬೇಲಿ ದಾಟಿಲ್ಲ. ಅಷ್ಟು ಸಾಕಲ್ವಾ?"

"ಸಾಕು," ಎಂದು ನಕ್ಕಳು. ಒಲೆಯಿಂದ ಬಿಸಿ ಹುರಿದ ಮಾಂಸದ ವಾಸನೆ ಬರುತ್ತಿತ್ತು.

ಸಭೆ ಶುರುವಾಯಿತು. ಸಮಿತಿಯ ಅಧ್ಯಕ್ಷೆ ಇರ್ಮಾ ಟೀಚರ್, ವಯಸ್ಸು ಎಂಬತ್ತೊಂದು. ಕೋಣೆಯಲ್ಲಿದ್ದ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು. ಡ್ವೇನ್‌ಗೆ ಐದೂ ಮತ. ಆರ್ಲೆನ್ ಚೆಂದದ ಅಕ್ಷರದಲ್ಲಿ 'ಸರ್ವಾನುಮತದಿಂದ' ಎಂದು ಬರೆದು ಲೇಖನಿ ಮುಚ್ಚಿದ.

"ಮುಚ್ಬೇಡ," ಎಂದರು ಇರ್ಮಾ ಟೀಚರ್. "ಇನ್ನೊಂದಿದೆ. ಹೋದ ಮಂಗಳವಾರ ನಾವು ಐದು ಜನ ನಿನಗೆ ಹೇಳದೆ ಸೇರಿದ್ವಿ. ಹತ್ತೊಂಬತ್ತು ವರ್ಷ ಎರಡನೇ ಬೇಸ್ ಕಾದ ಮನುಷ್ಯನ್ನ ಗೋಡೆ ಒರೆಸೋಕೆ ಇಟ್ಕೊಂಡಿದೀವಲ್ಲ ಅಂತ ನಮಗೇ ನಾಚಿಕೆ ಆಯ್ತು. ನಾಲ್ಕು ತಿಂಗಳಿಂದ ನಮ್ಮ ಮನೆಮನೆಗೆ ಬಂದು ಕೂತು ನಮಗೆ ನಾಚಿಕೆ ಬರಿಸಿದ್ದು ನಿನ್ನ ಹೆಂಡ್ತಿ. ಐದಕ್ಕೆ ಐದು ಮತ."

ಲವೋನ್ ಗೋಡೆಯ ಮೇಲಿನ ಬಟ್ಟೆ ಸರಿಸಿದಳು. ಕಟ್ಟು ಹಾಕಿಸಿದ ಫೋಟೊದಲ್ಲಿ ಇಪ್ಪತ್ತೈದರ ಆರ್ಲೆನ್ ಮಂಡಿ ಬಗ್ಗಿಸಿ ಚೆಂಡಿಗೆ ಕಾಯುತ್ತಿದ್ದ. ಆರ್ಲೆನ್ ಲೇಖನಿ ಕೆಳಗಿಟ್ಟ. ಹೆಂಡತಿಯ ಮುಖ ನೋಡಿದ. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

ಚಪ್ಪಾಳೆಯ ನಡುವೆ ಗೋರ್ಡಿ ಬಿಯರಿನ ಡಬ್ಬಿ ಎತ್ತಿ ಕೂಗಿದ. "ಸರಿಯಾದ ದಿನಾನೇ ಹಾಕಿದ್ರಿ ಟೀಚರ್! ಇವತ್ತು ಆಟ ಗೆಲ್ಲಿಸಿಕೊಟ್ಟೋನೇ ಇವನು!"

ಚಪ್ಪಾಳೆ ತಟ್ಟುತ್ತಿದ್ದ ಇರ್ಮಾ ಟೀಚರ ಕೈ ನಿಂತಿತು. "ಗೆಲ್ಲಿಸಿಕೊಟ್ಟ ಅಂದ್ರೆ?"

"ಆಡಿ ಗೆಲ್ಲಿಸಿದ! ಸೊಂಟದಲ್ಲಿ!"

ಲವೋನ್ ಗಂಡನ ಕಾಲು ನೋಡಿದಳು, ಸೊಂಟ ನೋಡಿದಳು, ಮುಖ ನೋಡಿದಳು.

"ಆರ್ಲೆನ್, ಕಾರ್ಯದರ್ಶಿ ನೀನು," ಎಂದರು ಇರ್ಮಾ ಟೀಚರ್. "ಇದಕ್ಕೆ ಏನೋ ಒಂದು ನಿಯಮ ಇತ್ತಲ್ಲ. ನನಗೆ ಸರಿಯಾಗಿ ನೆನಪಿಲ್ಲ. ಏನು ಹೇಳುತ್ತೆ ಅದು?"

ಆರ್ಲೆನ್ ಜೀವನದಲ್ಲಿ ಒಂದು ನಿಯಮವನ್ನೂ ಮರೆತವನಲ್ಲ, ನಿಯಮದ ವಿಷಯದಲ್ಲಿ ಒಂದು ಸುಳ್ಳನ್ನೂ ಹೇಳಿದವನಲ್ಲ. ಗಂಟಲು ಸರಿಮಾಡಿಕೊಂಡ.

"ನನಗೂ ನೆನಪಿಲ್ಲ ಟೀಚರ್," ಎಂದ.

ಆಗ ಹಿಂದಿನ ಸಾಲಿನಿಂದ, ಸಹಾಯ ಮಾಡುವ ಉತ್ಸಾಹದಲ್ಲಿ, ಸಾಸೇಜಿನ ಹೆಂಗಸು ಶುರು ಮಾಡಿದಳು. "ಆಟಗಾರನು ಆಟ ಬಿಟ್ಟು ಪೂರ್ತಿ ಐದು ಹಂಗಾಮು…" ಪಾದ್ರಿ ಸೇರಿಕೊಂಡರು. ಅಂಚೆಯವನು, ಡೇರಿಯವರು, ಬೆಳಿಗ್ಗೆಯಿಂದ ಅವನ ಬಾಯಲ್ಲಿ ಕೇಳಿದವರೆಲ್ಲ ಸೇರಿಕೊಂಡರು. ಚರ್ಚಿನ ಪ್ರಾರ್ಥನೆಯ ಹಾಗೆ, ಒಂದಕ್ಷರ ತಪ್ಪದೆ, ಇಡೀ ಊರು ಒಂದೇ ದನಿಯಲ್ಲಿ 'ಯಾರಿಗೂ ವಿನಾಯಿತಿ ಇಲ್ಲ' ಎಂದು ಮುಗಿಸಿತು.

ಇರ್ಮಾ ಟೀಚರ್ ನಿಟ್ಟುಸಿರು ಬಿಟ್ಟು ನಡಾವಳಿಯ ಪುಸ್ತಕದತ್ತ ಕಣ್ಣು ಹಾಯಿಸಿದರು. ಆರ್ಲೆನ್ ಲೇಖನಿ ತೆರೆದು ತನ್ನ ಹೆಸರಿನ ಮುಂದೆ 'ಅನರ್ಹ' ಎಂದು ಬರೆದ. ಲವೋನ್ ಫೋಟೊ ಕೆಳಗಿಳಿಸಿ ಮೇಜುಬಟ್ಟೆಯಲ್ಲಿ ಸುತ್ತಿದಳು.

"ನಿನ್ನನ್ನ ಯಾರು ಇಳಿ ಅಂದಿದ್ದು?" ಅವಳು ಗಂಡನತ್ತ ತಿರುಗಿದಳು. "ನಾಲ್ಕು ತಿಂಗಳು ಕಣೋ! ಐದು ಮನೇಲೂ ಅವರ ಕೇಕು ತಿಂದು ಹೊಗಳಿ ಬಂದಿದೀನಿ!"

"ಅಕ್ಕ, ಬಿಡು," ಎಂದ ಡ್ವೇನ್. "ಐದು ವರ್ಷ ಏನು ಮಹಾ? ಭಾವಂಗೆ ಆಗ ಅರವತ್ತೆಂಟು, ಅಷ್ಟೇ ತಾನೆ?"

ಊಟದ ಸಾಲಿನಲ್ಲಿ ಆರ್ಲೆನ್‌ನ ತಟ್ಟೆಗೆ ತಣ್ಣಗಿನ ಮಾಂಸ ಬಿತ್ತು. ಗೋರ್ಡಿ ಬಂದು ಪಕ್ಕದಲ್ಲಿ ಕುಳಿತು, ಕಿವಿಯ ಬಳಿ ಬಾಗಿದ.

"ಹೇಗೂ ಕೆಟ್ಟಿದ್ದು ಕೆಟ್ಟಾಯ್ತು. ಮುಂದಿನ ಮೇ ಮೊದಲ ಭಾನುವಾರ ಕೆಸೆಲ್‌ನೋರ ಜೊತೆ ಆಟ ಇದೆ. ಬಲಗಡೆ ನೀನೇ ನಿಂತ್ಕೋತೀಯಾ? ಕರ್ಟ್‌ನ ನಂಬೋಕಾಗಲ್ಲ."

ಆರ್ಲೆನ್ ಇಲ್ಲ ಎನ್ನಲೆಂದೇ ಬಾಯಿ ತೆರೆದ. ಊರು ತನ್ನ ಹೆಸರು ಕೂಗಿದ್ದು ಇನ್ನೂ ಕಿವಿಯಲ್ಲಿತ್ತು.

"ಎಷ್ಟು ಗಂಟೆಗೆ?" ಎಂದ.

ಲವೋನ್ ಅವನ ಬೆನ್ನ ಹಿಂದೆಯೇ ನಿಂತಿದ್ದಳು.