ಗಂಟಲು ಒಣಗಿಸುವ ಮಾತು

ಗಿರಾಕಿಗಳನ್ನು ಗದರಿಸಿಯೇ ಹೆಸರು ಮಾಡಿದ ವ್ಯಾಪಾರಿಯನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ! ರಾಮನಗರದ ಬಸ್ ನಿಲ್ದಾಣದ ಹತ್ತಿರ, ಬೇಕರಿಯ ಮೇಲಿನ ಮಹಡಿಯಲ್ಲಿ ಅವರದೊಂದು ಸಾಫ್ಟ್‌ವೇರ್ ಕಚೇರಿ. ದರ್ಜಿ ಅಳತೆ ತೆಗೆದು ಅಂಗಿ ಹೊಲಿಯುವ ಹಾಗೆ, ಯಾರ ಕಸುಬಿಗೆ ಏನು ಬೇಕೋ ಅದನ್ನು ಮಾಡಿಕೊಡುವುದು ನಮ್ಮ ಕೆಲಸ. ನಮ್ಮ ಎಂದರೆ ಬಾಯಿ ಅವರದು, ಕೀಲಿಮಣೆ ನನ್ನದು.

ಬಂದವರನ್ನು "ಏನು ಬೇಕು?" ಎಂದು ಮಾವ ಕೇಳಿದ್ದೇ ಇಲ್ಲ. "ಹಂಗೆ ಕೇಳಿದ್ರೆ ಪಕ್ಕದ ಅಂಗ್ಡಿಯವನತ್ರ ಇರೋದನ್ನೆಲ್ಲ ಹೇಳ್ತಾರೆ ಕಣವ್ವ," ಎನ್ನುವರು. ಅವರ ಪ್ರಶ್ನೆಯೇ ಬೇರೆ: "ದಿನಾ ಯಾವ ಮಾತು ಹೇಳಿ ಹೇಳಿ ನಿಮ್ ಗಂಟ್ಲು ಒಣಗೋಯ್ತದೆ?" ಆ ಮಾತೇ ತೆರೆಯ ಮೇಲೆ ದೊಡ್ಡ ಬಟನ್ ಆಗಬೇಕು. ಉಳಿದದ್ದೆಲ್ಲ ಆಮೇಲೆ.

ಕುದೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬರು ತಲೆ ಕೆರೆದುಕೊಂಡು, "ಲಾರಿ ಹೊಂಟೈತೆ ಅಂತ ಹೇಳಿ ಹೇಳಿ ಸಾಕಾಗೈತೆ ಸ್ವಾಮಿ," ಎಂದರು. ಸರಿ, ಒತ್ತಿದರೆ ಕೊಳ್ಳುವವರಿಗೆಲ್ಲ ಆ ಸಂದೇಶ ಹೋಗುವ ಬಟನ್ ಮಾಡಿದೆವು. ನಾನು ಬಲು ಜಾಣೆಯಲ್ಲವೇ, ಲಾರಿ ಎಲ್ಲಿದೆ ಎಂದು ತೋರಿಸುವ ಮ್ಯಾಪನ್ನೂ ಸೇರಿಸಿದೆ! ಮಾರನೆಯ ದಿನವೇ ಫೋನು: "ಅಮ್ಮಾ, ಆ ಮ್ಯಾಪ್ ತೆಗ್ದುಬುಡಿ! ಲಾರಿ ಇನ್ನೂ ನಮ್ ಮನೆ ಮುಂದೇ ನಿಂತೈತೆ, ಎಲ್ರಿಗೂ ಕಾಣ್ತಾ ಐತೆ. ಮಾನ ಹೋಯ್ತದೆ!"

ಮಾವ ಫೋನು ಕಸಿದುಕೊಂಡರು. "ಚೇಂಜ್ ಬೇಕಾದ್ರೆ ಬಸ್ ಹತ್ತಿ ಬನ್ನಿ!"

ಇದು ಅವರ ಇನ್ನೊಂದು ಹಠ. ಫೋನಿನಲ್ಲಿ ಬದಲಾವಣೆ ಕೇಳಿದರೆ ಒಪ್ಪುವುದಿಲ್ಲ. ಮಾಗಡಿ ಬಸ್ಸಿನಲ್ಲಿ ನಿಂತುಕೊಂಡು ಬಂದವರಿಗೆ ನಿಜವಾಗಿ ಬೇಕಾದದ್ದಷ್ಟೇ ನೆನಪಿರುತ್ತದಂತೆ! ಹಾಗೆ ಗೊಣಗಿಕೊಂಡು ಬಂದವರನ್ನು ಮೊದಲು ಮುದ್ದೆ, ಬಸ್ಸಾರಿಗೆ ಕೂರಿಸುವರು. "ಫಸ್ಟು ಊಟ, ಆಮೇಲೆ ಚೇಂಜು." ಚನ್ನಪಟ್ಟಣದ ಗೊಂಬೆ ಕಾರ್ಖಾನೆಯ ಯಜಮಾನರೊಬ್ಬರಂತೂ ಚೆನ್ನಾಗಿ ಉಂಡು, ಬಂದ ಕೆಲಸವನ್ನೇ ಮರೆತು, ತೇಗುತ್ತಾ ಹೊರಟುಹೋದರು.

ಇಷ್ಟು ಮಾತಿನ ಮನುಷ್ಯನ ಗಂಟಲಿಗೇ ಕಾಯಿಲೆ ಬರಬೇಕೇ? ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಈ ದನಿ ಇರುವುದಿಲ್ಲ ಎಂದರು ಡಾಕ್ಟರು. ಮರುದಿನ ಮಾವ ಕಚೇರಿಗೆ ಬಂದವರು ತಮ್ಮ ಜಾಗ ಬಿಟ್ಟು, ಗಿರಾಕಿಯ ಕುರ್ಚಿಯಲ್ಲಿ ಕೂತರು.

"ಇವತ್ತು ನಾನೇ ಗಿರಾಕಿ. ಕೇಳವ್ವ."

"ಏನು ಕೇಳಲಿ ಮಾವ?"

"ಅದೇ, ಎಲ್ರನ್ನೂ ಕೇಳ್ತೀವಲ್ಲ."

ಆ ಪ್ರಶ್ನೆ ನನ್ನ ಬಾಯಿಂದ ಹೊರಡಲಿಲ್ಲ. ಅವರೇ ನಕ್ಕು, ದನಿ ಇರುವಾಗಲೇ ಮೊಬೈಲಿಗೆ ಮಾತು ತುಂಬತೊಡಗಿದರು. "ಬಸ್ ಹತ್ತಿ ಬನ್ನಿ!" "ಏನಿದು, ಕಣ್ ಮುಚ್ಕೊಂಡು ಬರ್ದಿದ್ದೀಯಾ?" ಕೊನೆಗೆ, ಊಟದ ಹೊತ್ತಿಗೆ ದಿನಾ ನನ್ನನ್ನು ಕೇಳುವ ಮಾತು: "ಕೂಸೇ, ಊಟ ಆಯ್ತಾ?" ಒತ್ತಿದರೆ ಅವರದೇ ದನಿ ಬರುವಂತೆ ಎಲ್ಲಕ್ಕೂ ಬಟನ್ ಮಾಡಿದೆ. ರೋಗಿಗೆ ಬೇಕಾಗುತ್ತದೆಂದು "ನೋವು", "ನೀರು" ಎರಡನ್ನೂ ಅವರಿಂದ ಹೇಳಿಸಿ, ಮೇಲೆ ದೊಡ್ಡದಾಗಿ ಇಟ್ಟೆ. ಊಟದ ಮಾತು ಕೆಳಗೆ ಮೂಲೆಗೆ ಹೋಯಿತು.

ಆಪರೇಷನ್ ಮುಗಿದು, ಮನೆಗೆ ಬಂದು ಒಂದಷ್ಟು ಕಾಲ ಕಳೆದ ಮೇಲೆ ಅವರಿಂದ ಮೆಸೇಜು: "ಒಸಿ ಚೇಂಜ್ ಐತೆ." ನಾನೇ ಮನೆಗೆ ಬರುತ್ತೇನೆ ಎಂದು ಬರೆದೆ. ಮಧ್ಯಾಹ್ನ ನೋಡುತ್ತೇನೆ, ಕುತ್ತಿಗೆಗೆ ತೆಳು ಬಟ್ಟೆ ಕಟ್ಟಿಕೊಂಡು, ತಮ್ಮೂರು ಕೆಂಗಲ್ಲಿನಿಂದ ಬಸ್ ಹತ್ತಿ ಬಂದೇಬಿಟ್ಟಿದ್ದಾರೆ! ಅವರ ಕಾನೂನು ಅವರಿಗೂ ಒಂದೇ.

ಗಿರಾಕಿಯ ಕುರ್ಚಿಯಲ್ಲಿ ಕೂತು ಮೊಬೈಲ್ ತೆರೆದರು. "ನೋವು" ತೋರಿಸಿ, ಇದು ಇಲ್ಲಿ ಬೇಡ ಎಂದು ಬೆರಳಾಡಿಸಿದರು. ಮೂಲೆಯ ಊಟದ ಬಟನ್ ತೋರಿಸಿ, ಇದು ಮೇಲೆ ಬರಲಿ, ದೊಡ್ಡದಾಗಲಿ ಎಂದು ಕೈಯಗಲಿಸಿದರು.

"ಯಾಕೆ ಮಾವ?"

ಒತ್ತಿದರು.

"ಕೂಸೇ, ಊಟ ಆಯ್ತಾ?"

ಅದೇ ದನಿ. ಇನ್ನು ಆ ಗಂಟಲಿನಿಂದ ಬಾರದ ದನಿ. ಮಾವ ನನ್ನ ಮುಖವನ್ನೇ ನೋಡುತ್ತಾ ಉತ್ತರಕ್ಕೆ ಕಾದರು.

"ಇಲ್ಲ ಮಾವ," ಎಂದೆ.

ಚೀಲದಿಂದ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಮುದ್ದೆ, ಬಸ್ಸಾರು. ನನಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, "ಈಗಲೇ ಚೇಂಜ್ ಮಾಡಿಬಿಡ್ತೀನಿ ಮಾವ," ಎಂದು ಕೀಲಿಮಣೆಗೆ ಕೈ ಹಾಕಿದೆ.

ಮಾವ ನನ್ನ ಕೈ ಹಿಡಿದು ಡಬ್ಬಿಯ ಕಡೆಗೆ ಎಳೆದರು.