ಚನಬಸಪ್ಪ ನಿಲ್ಲಿಸಿದ ಗೂಡ್ಸ್ ಗಾಡಿ

ಹಳಿಯಾಳದ ಲಾರಿ ಮಾಲಕ ಜ್ಯೋತಿಬಾ ಸುಗ್ಗಿ ಬಂದ ಕೂಡಲೇ ಬಾಡಿಗೆ ಏರಿಸುತ್ತಿದ್ದ. ಹೋದ ವರ್ಷ ಮೆಕ್ಕೆಜೋಳ ಬೆಳೆಯುವ ರೈತ ಚನಬಸಪ್ಪ ಇದನ್ನು ಕೇಳಲು ಹೋದಾಗ, ಅವನು ಎಲೆ ಅಡಿಕೆ ಅಗಿಯುತ್ತಲೇ ಹೇಳಿದ್ದ: "ಜಾಸ್ತಿ ಅನಿಸಿದ್ರ ನಿಮ್ಮ ಗೋವಿನಜ್ವಾಳ ರೈಲಿನಾಗ ಕಳಸ್ರಿ."

ಆ ಮಾತು ಚನಬಸಪ್ಪನಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯಂತೆ ಕಾಡಿತು. ದಾಂಡೇಲಿ ಕಡೆಯ ಸಣ್ಣ ಸ್ಟೇಶನ್ನಿನಲ್ಲಿ ಗೂಡ್ಸ್ ಗಾಡಿ ನಿಲ್ಲಿಸಿ ಎಂದು ಅರ್ಜಿ ಬರೆದ. ಒಂದೂರಿನ ಮಾಲಿಗೆ ಗಾಡಿ ನಿಲ್ಲುವುದಿಲ್ಲ ಎಂದು ಉತ್ತರ ಬಂತು. ಹನ್ನೊಂದು ಹಳ್ಳಿ ತಿರುಗಿ ಸಹಿ ಹಾಕಿಸಿದ. ಸ್ಟೇಶನ್ನಿನ ಗುಮಾಸ್ತನಿಗೆ ಹೆಂಡತಿಯ ಅಕ್ಷರಕ್ಕಿಂತ ಚನಬಸಪ್ಪನ ಅಕ್ಷರದ ಗುರುತು ಚೆನ್ನಾಗಿ ಹತ್ತಿತು.

ಕಡೆಗೊಂದು ಬೆಳಿಗ್ಗೆ ಆ ಗುಮಾಸ್ತನೇ ಫೋನ್ ಮಾಡಿ, ಗೋವಿನಜೋಳದ ಗಾಡಿ ಬಂದು ನಿಂತಿದೆ, ಸಂಜೆಯೊಳಗೆ ಕೆಲಸ ಮುಗಿಯಬೇಕು, ಆಳುಗಳಿದ್ದರೆ ಕರೆತನ್ನಿ ಎಂದ.

ಊರಿಗೆ ಊರೇ ಎದ್ದಿತು. ಟ್ರ್ಯಾಕ್ಟರ್ ತುಂಬಿದ ಮೇಲೆ ಪಕ್ಕದ ಮನೆಯ ಈಶಪ್ಪ ಬಂದು, ಇಂಥ ಹೊಲಿಗೆಯ ಚೀಲ ರೈಲಿನವರು ಮುಟ್ಟುವುದಿಲ್ಲ ಎಂದು ಇಳಿಸಿ ಮತ್ತೆ ಹೊಲಿಸಿದ. ಅವನು ರೈಲು ಹತ್ತಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಟಿಕೆಟ್ ಇಲ್ಲದೆ. ಓಣಿಯ ಮುದುಕಿ ತಾಯವ್ವ ತನ್ನೆರಡು ಚೀಲ ಮೇಲೆ ಹೇರಿಸಿ, ಕಾವಲಿಗೆಂದು ತಾನೂ ಏರಿ ಕೂತಳು. ಹಳಿಯಾಳದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಕಟ್ಟಿದ್ದವು. ಚನಬಸಪ್ಪ ಇಳಿದು ಮೊದಲು ಬೈದ, ಆಮೇಲೆ ಕೈಮುಗಿದ. ಎರಡು ತಾಸು ಅಲ್ಲೇ ಹೋಯಿತು.

ಸ್ಟೇಶನ್ ಮುಟ್ಟಿ ನೋಡಿದರೆ ಡಬ್ಬಿಗಳು ಬಾಗಿಲವರೆಗೆ ತುಂಬಿದ್ದವು. ಚೀಲಗಳ ಮೇಲೆ ಹಿಂದಿ ಅಕ್ಷರ.

"ಬಿಹಾರದ ಗೋವಿನಜ್ವಾಳ ರೀ. ಹುಬ್ಬಳ್ಳಿ ಕಡೆ ಕೋಳಿ ಸಾಕೋರಿಗೆ ಬಂದೈತಿ. ಇಳಸಾಕ ಆಳು ಬೇಕಾಗಿತ್ತು," ಎಂದ ಗುಮಾಸ್ತ.

"ನಾವು ಅರ್ಜಿ ಕೊಟ್ಟಿದ್ದು ನಮ್ಮ ಮಾಲು ಕಳಸಾಕ."

"ಗಾಡಿ ನಿಲ್ಲಸ್ರಿ ಅಂತ ಬರದಿದ್ರಿ. ನಿಂತೈತಲ್ರಿ."

ಚನಬಸಪ್ಪ ಡಬ್ಬಿಗೆ ಕೈಯಿಂದ ಬಡಿದ. ಇದು ಖಾಲಿಯಾದ ಮೇಲೆ ನಮ್ಮ ಚೀಲ ತುಂಬಿಕೊಂಡು ಹೋಗಲಿ ಎಂದ. ಗಾಡಿ ಖಾಲಿಯಾಗಿಯೇ ವಾಪಸು ಹೋಗಬೇಕೆಂದು ಆರ್ಡರ್ ಇದೆ ಎಂದ ಗುಮಾಸ್ತ. ಅಷ್ಟು ದೂರದ ಕಾಳು ಇಲ್ಲಿಗೆ ಬರಬಹುದು, ನಮ್ಮ ಕಾಳು ಇಲ್ಲೇ ಇರುವ ಅಳ್ನಾವರ ಜಂಕ್ಷನ್ ದಾಟಬಾರದೇ ಎಂದು ಚನಬಸಪ್ಪ ಪ್ಲಾಟ್‌ಫಾರ್ಮಿನ ಮೇಲೆ ಅರ್ಧ ತಾಸು ಕೂಗಾಡಿದ. ಕೇಳಲು ತಾಯವ್ವ ಒಬ್ಬಳೇ ಉಳಿದಿದ್ದಳು. ಅವನು ಕರೆತಂದ ಆಳುಗಳು, ಕೂಲಿ ಚೆನ್ನಾಗಿದೆಯೆಂದು, ಆಗಲೇ ಬಿಹಾರದ ಚೀಲ ಹೊರುತ್ತಿದ್ದರು. ಈಶಪ್ಪ ಆ ಚೀಲಗಳ ಹೊಲಿಗೆ ಹೊಗಳುತ್ತಿದ್ದ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಚನಬಸಪ್ಪನ ಕೊರಳಿಗೆ ಸೇವಂತಿಗೆ ಮಾಲೆ ಹಾಕಿದರು. ತಿರುಗಿದರೆ ಜ್ಯೋತಿಬಾ. ಅಂಗಳದಲ್ಲಿ ಅವನ ಹನ್ನೆರಡೂ ಲಾರಿ ಸಾಲಾಗಿ ನಿಂತಿದ್ದವು.

"ನಿಮ್ಮ ಅರ್ಜಿ ಇರದಿದ್ರ ಈ ಗಾಡಿ ಇಲ್ಲಿ ನಿಲ್ತಿರಲಿಲ್ರಿ, ಚನಬಸಪ್ಪ. ಇಲ್ಲಿಂದ ಹುಬ್ಬಳ್ಳಿಗೆ ಸಾಗಸೂ ಗುತ್ತಿಗಿ ವರ್ಷಪೂರ್ತಿ ನಂದ," ಎಂದು ಅವನ ಎರಡೂ ಕೈ ಹಿಡಿದುಕೊಂಡ. ಆಮೇಲೆ ನಿಜವಾಗಿಯೂ ನೊಂದವನಂತೆ ದನಿ ತಗ್ಗಿಸಿದ: "ಒಂದ ಬ್ಯಾಸರ ನೋಡ್ರಿ. ಇನ್ನ ಮ್ಯಾಲೆ ನಿಮ್ಮೂರಿಗೆ ಕಳಸಾಕ ಒಂದೂ ಲಾರಿ ಉಳಿಯೂದಿಲ್ಲ."